ಮುತ್ಯಾ, ಅದು ಎಲ್ಲಿ ತಿರಗತದ?

ಮಕ್ಕಳೇ, ದೀಪಾವಳಿ ರಜೆಗೆ ಕಲಬುರಗಿಯಿಂದ ಬಂದ ಮೊಮ್ಮಗನ ಜೊತೆ ಕಮಲಾಪುರದ ನಮ್ಮ ಮಾಳಿಗೆ ಹತ್ತಿದ್ದೆ. ಅಮಾವಾಸ್ಯೆ ಕತ್ತಲು. ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿದರೆ, ನೆತ್ತಿಗಿಂತ ತುಸು ಕೆಳಗೆ ಒಂದು ಮಬ್ಬು ಮಚ್ಚೆ. ಅದೇ ದೇವಯಾನಿ ಗೆಲಾಕ್ಸಿ. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 25 ಲಕ್ಷ ವರ್ಷ ಬೇಕು. "ಅದು ಬುಗುರಿಯಂಗ ತಿರಗತದ" ಎಂದೆ.

ಹುಡುಗ ಬಹಳ ಹೊತ್ತು ನೋಡಿದ. "ಎಲ್ಲಿ ತಿರಗತದ ಮುತ್ಯಾ? ಸುಳ್ಳ ಹೇಳ್ತಿ ನೀ!"

ಅವನ ಅನುಮಾನ ನ್ಯಾಯವಾದದ್ದೇ. ನೂರು ವರ್ಷ ನೋಡಿದರೂ ಅದು ತಿರುಗಿದ್ದು ಬರಿಗಣ್ಣಿಗೆ ಕಾಣದು. ಮತ್ತೆ ಗೊತ್ತಾದದ್ದು ಹೇಗೆ?

ಅಷ್ಟರಲ್ಲಿ ಹುಮನಾಬಾದ್ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ಹೋಯಿತು. ಹತ್ತಿರ ಬರುವಾಗ ಕೀರಲು ದನಿ, ದೂರ ಹೋಗುವಾಗ ದಪ್ಪ ದನಿ. "ಕಣ್ಣ ಮುಚ್ಚಿದ್ರೂ ಲಾರಿ ಬರ್ತದೋ ಹೋಗ್ತದೋ ತಿಳೀತದಲ್ಲ?" ಎಂದೆ. ಹೌದೆಂದು ತಲೆಯಾಡಿಸಿದ.

ಬೆಳಕೂ ಹಾಗೆಯೇ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ಬಣ್ಣದ ಪಟ್ಟಿ ಸಿಗುತ್ತದೆ. ಇದಕ್ಕೆ ರೋಹಿತ ಎಂದು ಹೆಸರು. ಅದರ ನಡುನಡುವೆ ಸಣ್ಣ ಕಪ್ಪು ಗೆರೆಗಳು ಇರುತ್ತವೆ. ಪ್ರತಿ ಗೆರೆಗೂ ಗೊತ್ತಾದ ಜಾಗವುಂಟು. ನಕ್ಷತ್ರ ನಮ್ಮತ್ತ ಬರುತ್ತಿದ್ದರೆ ಗೆರೆಗಳು ನೀಲಿಯ ಕಡೆ ಜರುಗುತ್ತವೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆ.

ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಫ್ರಾನ್ಸಿಸ್ ಪೀಸ್ ಎಂಬ ವಿಜ್ಞಾನಿ 1917ರಲ್ಲಿ ದೇವಯಾನಿಯ ನಡುಭಾಗಕ್ಕೆ ದೂರದರ್ಶಕ ತಿರುಗಿಸಿದರು. ಬೆಳಕು ಎಷ್ಟು ಮಂದವೆಂದರೆ, ಒಂದೇ ಗಾಜಿನ ಫಲಕದ ಮೇಲೆ ಹಲವು ರಾತ್ರಿ, ಹತ್ತಾರು ಗಂಟೆ ಅದನ್ನು ಹಿಡಿಯಬೇಕಾಯಿತು. ಕೊನೆಗೆ ಫಲಕ ತೊಳೆದು ನೋಡಿದರೆ, ನೆಟ್ಟಗಿರಬೇಕಾದ ಗೆರೆಗಳು ಓರೆಯಾಗಿದ್ದವು! ಇಡೀ ದೇವಯಾನಿಯೇ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆ. ಅದನ್ನು ಕಳೆದರೂ ಒಂದು ಅಂಚು ನಮ್ಮ ಕಡೆಗೆ, ಇನ್ನೊಂದು ಅಂಚು ಆಚೆಗೆ ಸರಿಯುತ್ತಿತ್ತು. ಅಂದರೆ ಅದು ತಿರುಗುತ್ತಿದೆ. ಓರೆ ಹೆಚ್ಚಿದಷ್ಟೂ ವೇಗ ಹೆಚ್ಚು.

1988ರಲ್ಲಿ ಇನ್ನೂ ಒಳಗೆ, ಗೆಲಾಕ್ಸಿಯ ತಿರುಳನ್ನೇ ಅಳೆದರು. ಅಲ್ಲಿನ ನಕ್ಷತ್ರಗಳ ವೇಗ ನೋಡಿ ಬೆರಗಾದರು. ಅವನ್ನು ಹಿಡಿದಿಟ್ಟುಕೊಳ್ಳಲು ನಡುವೆ ಕಣ್ಣಿಗೆ ಕಾಣದ ಭಾರೀ ತೂಕ ಇರಲೇಬೇಕು. ಅದು ಕಪ್ಪುಕುಳಿ, ಹತ್ತು ಕೋಟಿ ಸೂರ್ಯರಿಗಿಂತ ಭಾರ.

"ಹಂಗಾದ್ರ ಲಾರಿ ನೋಡದೇ ಲಾರಿ ತಿಳಿದಂಗ" ಎಂದ ಮೊಮ್ಮಗ. ನಾನು ಇಷ್ಟೆಲ್ಲ ಹೇಳಿದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ.

ಮಾಡಿ ನೋಡಿ: ಹಳೆಯ ಸಿ.ಡಿ. ಇದ್ದರೆ ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಳ್ಳುವುದು ಕಾಣುತ್ತದೆ. ಅಜ್ಜ-ಅಜ್ಜಿಗೂ ತೋರಿಸಿ. ಸೂರ್ಯನ ಕಡೆ ಮಾತ್ರ ಎಂದೂ ಹಿಡಿಯಬೇಡಿ.