ಬರೀ ನೋಡಾಕತ್ತೀವಿ ಅಣ್ಣಾ

ಪಿಯುಸಿ ಓದುತ್ತಿದ್ದಾಗ ಹೊಸಪೇಟೆಯ ನಾವು ನಾಲ್ವರು ಹುಡುಗರು ಭಾನುವಾರ ಹಂಪಿಗೆ ಹೋಗುತ್ತಿದ್ದದ್ದು ವಿರೂಪಾಕ್ಷನ ದರ್ಶನಕ್ಕಲ್ಲ. ದೇವಸ್ಥಾನದ ಹಿಂದೆ ದೋಣಿ ಹತ್ತಿದರೆ ಆಚೆ ದಡ ವಿರೂಪಾಪುರ ಗಡ್ಡಿ. ಅಲ್ಲಿ ಬಂಡೆಗಳ ಮೇಲೆ ವಿದೇಶಿಯರು ಬಿಸಿಲು ಕಾಯಿಸುತ್ತಾ ಮಲಗಿರುತ್ತಿದ್ದರು. ನಾವು ಇನ್ನೊಂದು ಬಂಡೆಯ ಮರೆಯಲ್ಲಿ ಕೂತು ನೋಡುತ್ತಿದ್ದೆವು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಗೆಳೆಯನೊಬ್ಬ ಮೊಬೈಲಿನಲ್ಲಿ ಫೋಟೊ ತೆಗೆದ. ಆಗಿನ ಮೊಬೈಲ್, ಜೂಮ್ ಮಾಡಿದರೆ ಬರೀ ಚುಕ್ಕೆ ಚುಕ್ಕೆ. ಆದರೆ ಆ ಹೆಂಗಸು ನಮ್ಮನ್ನು ನೋಡಿಬಿಟ್ಟಳು. ಬೈಯಲಿಲ್ಲ, ಕೂಗಲೂ ಇಲ್ಲ. ಪಕ್ಕದಲ್ಲಿದ್ದ ಬಟ್ಟೆಯನ್ನು ಮೈಗೆ ಸುತ್ತಿಕೊಂಡು, ಪುಸ್ತಕ ಎತ್ತಿಕೊಂಡು ಹೋದಳು. ನಾವು ದೋಣಿಯಲ್ಲಿ ನಗುತ್ತಾ ವಾಪಸ್ ಬಂದೆವು.

ಆಮೇಲೆ ಬಿ.ಇ. ಆಯಿತು, ಬೆಂಗಳೂರು ಆಯಿತು, ಕಂಪನಿಯ ಕೆಲಸದ ಮೇಲೆ ಅಮೆರಿಕವೂ ಆಯಿತು. ಅಲ್ಲಿನ ಚಳಿ ತಡೆಯಲಾಗದೆ ಒಂದು ಡಿಸೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಕೆರಿಬಿಯನ್‌ನ ಸೇಂಟ್ ಮಾರ್ಟಿನ್ ದ್ವೀಪಕ್ಕೆ ಹೋದೆವು. ಸುಮಾರು 87 ಚದರ ಕಿ.ಮೀ. ಅಷ್ಟೇ ಇರುವ ದ್ವೀಪ. ಅದರಲ್ಲೇ ಎರಡು ಆಡಳಿತ, ಉತ್ತರಕ್ಕೆ ಫ್ರೆಂಚರದು, ದಕ್ಷಿಣಕ್ಕೆ ಡಚ್ಚರದು. 1648ರಲ್ಲಿ ಒಪ್ಪಂದ ಮಾಡಿಕೊಂಡು ಹಂಚಿಕೊಂಡಿದ್ದಾರಂತೆ. ಡಚ್ ಕಡೆಯ ಫಿಲಿಪ್ಸ್‌ಬರ್ಗ್ ಪೇಟೆಯಲ್ಲಿ ನಮ್ಮ ಸಿಂಧಿಗಳ ಅಂಗಡಿ ಸಾಲು ಕಂಡು ಬಳ್ಳಾರಿ ಬೆಂಗಳೂರು ರಸ್ತೆ ನೆನಪಾಯಿತು.

ಫ್ರೆಂಚ್ ಕಡೆ ಓರಿಯೆಂಟ್ ಬೇ ಅಂತ ಉದ್ದನೆಯ ಬೀಚ್ ಇದೆ. ಅದರ ದಕ್ಷಿಣದ ತುದಿ 'ಕ್ಲೋದಿಂಗ್ ಆಪ್ಷನಲ್'. ಅಂದರೆ ಬಟ್ಟೆ ನಿಮ್ಮಿಷ್ಟ. ಹಾಕಿಕೊಂಡರೂ ಸರಿ, ಬಿಟ್ಟರೂ ಸರಿ. ಕೆರಿಬಿಯನ್ ಎಲ್ಲಾ ಹೀಗೇ ಅಂದುಕೊಳ್ಳಬೇಡಿ. ಬಾರ್ಬಡೋಸ್‌ನಲ್ಲಿ ಬೆತ್ತಲೆ ಈಜಿದರೆ ಅಪರಾಧ. ಅಷ್ಟೇ ಅಲ್ಲ, ಅಲ್ಲಿ ಮಿಲಿಟರಿ ಡಿಸೈನಿನ ಪ್ಯಾಂಟು ಹಾಕಿಕೊಂಡು ಓಡಾಡಿದರೂ ಅಪರಾಧವೇ! ಫ್ರೆಂಚರು ಮಾತ್ರ ಈ ವಿಷಯದಲ್ಲಿ ಸ್ವಲ್ಪ ಸಡಿಲ.

'ನೋಡಿಕೊಂಡು ಬರೋಣ್ವಾ?' ಅಂದವಳು ಅವಳೇ. ಆ ತುದಿಯಲ್ಲಿ ಮೊದಲು ಬೆತ್ತಲೆ ವಿಹಾರಿಗಳಿಗೆಂದೇ ದೊಡ್ಡ ರೆಸಾರ್ಟ್ ಇತ್ತು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಅದನ್ನು ನೆಲಸಮ ಮಾಡಿತು. ಆದರೂ ಜನ ಬರುವುದು ನಿಂತಿಲ್ಲ. ಮರಳಿನಲ್ಲಿ ನಡೆಯುತ್ತಾ ಹೋದ ಹಾಗೆ ಬಟ್ಟೆ ಕಡಿಮೆಯಾಗುತ್ತಾ ಬಂತು. ನಾನು ಕಪ್ಪು ಕನ್ನಡಕ ಏರಿಸಿದೆ. ಎದೆ ಡವಡವ. ನಿಜ ಹೇಳಬೇಕೆಂದರೆ, ಒಳಗೆ ಇದ್ದವನು ಗಡ್ಡಿಯ ಬಂಡೆಯ ಮರೆಯಲ್ಲಿ ಕೂತಿದ್ದ ಅದೇ ಹುಡುಗ.

ಐದು ನಿಮಿಷದಲ್ಲಿ ಆ ಹುಡುಗನಿಗೆ ಬೋರ್ ಆಯಿತು. ಅಲ್ಲಿದ್ದವರಲ್ಲಿ ಬಹಳ ಮಂದಿ ನಮ್ಮ ಅಪ್ಪ-ಅವ್ವನ ವಯಸ್ಸಿನವರು. ಒಬ್ಬರು ಇಸ್ಪೀಟು ಆಡುತ್ತಿದ್ದಾರೆ, ಇನ್ನೊಬ್ಬರು ಪದಬಂಧ ತುಂಬುತ್ತಿದ್ದಾರೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನೀರಿನಿಂದ ಎದ್ದು ಬಂದರು. ಎದೆಯ ಒಂದು ಕಡೆ ಆಪರೇಷನ್ನಿನ ಉದ್ದನೆಯ ಗಾಯದ ಗೆರೆ. ಮುಚ್ಚಿಕೊಳ್ಳುವ ಗಡಿಬಿಡಿಯೇ ಇಲ್ಲ. ನಮ್ಮನ್ನು ನೋಡಿ 'ನೀರು ಚೆನ್ನಾಗಿದೆ' ಅಂದು ಮುಂದೆ ಹೋದರು. ನಾನು ಕನ್ನಡಕ ತೆಗೆದು ಜೇಬಿಗಿಟ್ಟೆ.

ನೀವು ಕೇಳುವ ಮೊದಲೇ ಹೇಳುತ್ತೇನೆ, ನಾವು ಬಟ್ಟೆ ಬಿಚ್ಚಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಇಂಥ ಕಡೆ ಇರುವ ನಿಯಮಗಳು ಮೂರೇ ಮೂರು: ಕುರ್ಚಿಯ ಮೇಲೆ ಟವಲ್ ಹಾಸಿ ಕೂರಬೇಕು, ಫೋಟೊ ತೆಗೆಯಬಾರದು, ದಿಟ್ಟಿಸಿ ನೋಡಬಾರದು. ನನ್ನ ಹೆಂಡತಿ ಜೀವನದಲ್ಲಿ ಮೊದಲ ಸಲ ಈಜುಡುಗೆಯಲ್ಲಿ ಸಮುದ್ರಕ್ಕಿಳಿದು ಒಂದು ಗಂಟೆ ಆಡಿದಳು. ಹೊರಗೆ ಬಂದವಳು ಹೇಳಿದ್ದು ಒಂದೇ ಮಾತು: 'ನಾನು ಹೇಗೆ ಕಾಣ್ತಿದ್ದೀನಿ ಅಂತ ಒಂದ್ಸಲನೂ ಯೋಚನೆ ಬರಲಿಲ್ಲ ಕಣೋ.'

ನಮ್ಮಲ್ಲೂ ಹೀಗೆ ಬೀಚ್ ಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಾನೂನು ಒಪ್ಪುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಇತರರಿಗೆ ಕಿರಿಕಿರಿಯಾಗುವಂಥ ಅಶ್ಲೀಲ ವರ್ತನೆಗೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಜೈಲು ಇದೆ. ಆದರೆ ಅದೇ ಸಂಹಿತೆಯ 77ನೇ ಕಲಮನ್ನೂ ಓದಿ. ಖಾಸಗಿ ಕ್ಷಣದಲ್ಲಿರುವ ಹೆಣ್ಣನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ, ಮೊದಲ ಸಲವೇ ಒಂದರಿಂದ ಮೂರು ವರ್ಷ. ಯಾವುದು ದೊಡ್ಡ ತಪ್ಪು ಅಂತ ಕಾನೂನಿಗೆ ಗೊತ್ತಿದೆ. ನಮಗೂ ಗೊತ್ತಿಲ್ಲ ಅಂತಲ್ಲ. ಶ್ರವಣಬೆಳಗೊಳದ ಗೊಮ್ಮಟನ ಮುಂದೆ ನಿಂತು ಯಾರಾದರೂ ಕಿಸಿಕಿಸಿ ನಗುತ್ತಾರಾ? ಅಕ್ಕಮಹಾದೇವಿಯ ಕಥೆಯನ್ನು ಕೈಮುಗಿದೇ ಕೇಳಿ ಬೆಳೆದವರು ನಾವು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನನ್ನೂ ಕರೆದುಕೊಂಡು ಸಾಣಾಪುರ ಕೆರೆಗೆ ಹೋದೆವು. ಈಗ ಗಡ್ಡಿಯಲ್ಲಿ ಆ ಗುಡಿಸಲು, ರೆಸಾರ್ಟ್ ಯಾವುದೂ ಇಲ್ಲ. ಸುಪ್ರೀಂ ಕೋರ್ಟ್ ಅಕ್ರಮ ಅಂದ ಮೇಲೆ 2020ರಲ್ಲಿ ಕೆಡವಿದರು. ಪ್ರವಾಸಿಗರು ಆನೆಗೊಂದಿ, ಸಾಣಾಪುರದ ಕಡೆ ಹೋದರು. ಅದೇ ಸಾಣಾಪುರದ ಕಾಲುವೆ ಪಕ್ಕ 2025ರ ಮಾರ್ಚ್‌ನಲ್ಲಿ ರಾತ್ರಿ ಕೂತಿದ್ದವರ ಮೇಲೆ ನಡೆದ ದಾಳಿ ನಿಮಗೂ ನೆನಪಿರಬೇಕು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು, ಒಬ್ಬ ಪ್ರವಾಸಿ ಜೀವ ಕಳೆದುಕೊಂಡ.

ನಾವು ಹೋಗಿದ್ದು ಹಗಲು ಹನ್ನೊಂದಕ್ಕೆ. ತೆಪ್ಪದಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೆ ನನ್ನ ಹೆಂಡತಿ ದಡದಲ್ಲೇ, ಮೊಣಕಾಲವರೆಗಿನ ನೀರಿನಲ್ಲಿ ಕೂತಳು. ಮೈತುಂಬಾ ಟೀ ಶರ್ಟು, ಲೆಗ್ಗಿಂಗ್ಸು. ಎರಡು ಬೈಕ್ ಬಂದು ನಿಂತವು. ನಾಲ್ಕು ಹುಡುಗರು, ಮೂರು ಮೊಬೈಲು ಮೇಲೆದ್ದವು.

ನಾನು ಹತ್ತಿರ ಹೋದೆ. 'ಎಲ್ಲಿಯವರೋ ತಮ್ಮಾ?'

'ಹೊಸಪೇಟಿ ಅಣ್ಣಾ.'

'ಏನ್ ಮಾಡಾಕತ್ತೀರಿ?'

'ಏನಿಲ್ಲ ಅಣ್ಣಾ, ಬರೀ ನೋಡಾಕತ್ತೀವಿ.'

ನನ್ನ ಊರು, ನನ್ನ ವಯಸ್ಸಿನ ನಾನು, ನನ್ನದೇ ನೆಪ. ಹೊಡೆಯುವಷ್ಟು ಸಿಟ್ಟು ಬಂದಿತ್ತು, ಆದರೆ ಮಾತು ಹೊರಡಲಿಲ್ಲ. ಫೋಟೊ ಡಿಲೀಟ್ ಮಾಡಿಸಿ ಕಳಿಸಿದೆ. ತಿರುಗಿ ನೋಡಿದರೆ ಅವಳಾಗಲೇ ನೀರಿನಿಂದ ಎದ್ದು, ಅವ್ವನ ಟವಲ್ ಸುತ್ತಿಕೊಂಡು ಕಾರಿನ ಕಡೆ ನಡೆಯುತ್ತಿದ್ದಳು. ಬೈಯಲಿಲ್ಲ, ಕೂಗಲೂ ಇಲ್ಲ.

ಕಾರಿನಲ್ಲಿ ಅವ್ವ ಹೇಳಿದಳು: 'ನಾವು ಸಣ್ಣವರಿದ್ದಾಗ ಹೆಣ್ಣುಮಕ್ಕಳೆಲ್ಲ ಕೂಡಿ ಹೊಳಿಗೆ ಹೋಗ್ತಿದ್ವಿ. ಆ ಹೊತ್ತಿನಾಗ ಗಂಡಸರು ಆ ಕಡೆ ಹಾಯ್ತಿರಲಿಲ್ಲ. ಯಾರೂ ಬೋರ್ಡ್ ಹಾಕಿರಲಿಲ್ಲ ಬಿಡು.' ಬಟ್ಟೆ ಬೇಡದ ಬೀಚಿನ ಮೂರನೇ ನಿಯಮ ನಮ್ಮ ಹೊಳೆದಂಡೆಯಲ್ಲೂ ಇತ್ತು. ಮುರಿದವರು ನನ್ನಂಥವರು.

ಆ ರಾತ್ರಿ ಹೆಂಡತಿಗೆ ಗಡ್ಡಿಯ ಕಥೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಇದನ್ನ ನನಗೆ ಹೇಳಿ ಏನು ಮಾಡ್ತೀಯ? ಆ ಹುಡುಗರಿಗೆ ಹೇಳಬೇಕಿತ್ತು' ಅಂದಳು.

ಅವರು ಆಗಲೇ ಹೊರಟುಹೋಗಿದ್ದರು. ಆದರೆ ಮೊಬೈಲು ಅವರ ಕೈಯಲ್ಲೇ ಇದೆ. ಇದನ್ನು ಓದಿದರೆ ಓದಲಿ.