ಬೋರ್ಡು ಹಳೆಯದು, ಗುಜರಿಯಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಂದಿನಿಂದ ಯೆರವಡಾದ ನಮ್ಮ ಸೊಸೈಟಿಯ ಕಸದ ಕೋಣೆ ಪಕ್ಕ ಹಳೆಯ ಡೆಸ್ಕ್‌ಟಾಪ್‌ಗಳು ಒಂದೊಂದಾಗಿ ಬಂದು ಕೂರುತ್ತಿವೆ. ಅವುಗಳಲ್ಲಿ ಕೆಲವಾದರೂ ಇನ್ನೂ ವರ್ಷಗಟ್ಟಲೆ ದುಡಿಯಬಲ್ಲವು ಎಂದು ನನಗೆ ಅನುಮಾನ. ನನ್ನದೂ ಹಾಗೇ ಹೊರಗೆ ಹೋಗುವುದರಲ್ಲಿತ್ತು.

2018ರಲ್ಲಿ ನಾನೇ ಜೋಡಿಸಿದ ಕಂಪ್ಯೂಟರ್ ಅದು: ಬಿ450 ಬೋರ್ಡು, ರೈಜೆನ್ 5 2600 ಪ್ರೊಸೆಸರ್. ರೋಣದಲ್ಲಿರುವ ಅಕ್ಕನ ಮಗ ಈ ಸಲ ಪಿಯುಸಿ, ಅವನಿಗೆ ಕಳಿಸೋಣ ಎಂದುಕೊಂಡೆ. "ಹಳೇದಾದ್ರ ಏನಾತು ತಮ್ಮಾ, ನಡಿತೈತಿಲ್ಲ?" ಎಂದಳು ಅಕ್ಕ. ವಿಂಡೋಸ್ 11 ಹಾಕಲು ಹೋದರೆ ಈ ಯಂತ್ರಕ್ಕೆ ಆಗದು ಎಂಬ ಸಂದೇಶ. ಅಂಗಡಿಯವರು ಡಬ್ಬ ಬಿಚ್ಚದೆಯೇ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ಬದಲಿಸಿ ಎಂದರು.

ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಆ ಪ್ರೊಸೆಸರ್‌ನೊಳಗೇ ಇದೆ, ಆಫ್ ಆಗಿತ್ತು ಅಷ್ಟೆ. ಹಳೆ ಬಯಾಸ್‌ನಲ್ಲೇ ಆನ್ ಮಾಡಬಹುದಿತ್ತು. ಆದರೆ ಹಾಗೆ ಆನ್ ಮಾಡಿದ ಕೆಲವು ಯಂತ್ರಗಳು ಕ್ಷಣಕಾಲ ತಡವರಿಸುತ್ತವೆ ಎಂದು 2022ರಲ್ಲಿ ಎಎಂಡಿಯೇ ಒಪ್ಪಿಕೊಂಡು, ಪರಿಹಾರವನ್ನು ಹೊಸ ಬಯಾಸ್ ಮೂಲಕ ಕೊಟ್ಟಿತು. ಹೀಗಾಗಿ ಅಪ್‌ಡೇಟ್ ಮಾಡಲೇಬೇಕಾಯಿತು.

ನನಗೆ ಕೈ ನಡುಗಲು ಕಾರಣವಿತ್ತು. 2010ರಲ್ಲಿ ಹುಬ್ಬಳ್ಳಿಯ ಹಾಸ್ಟೆಲ್‌ನಲ್ಲಿ ಗೆಳೆಯನ ಬೋರ್ಡಿಗೆ ಇದೇ ಕೆಲಸ ಮಾಡುವಾಗ ನಡುವೆ ಕರೆಂಟು ಹೋಯಿತು. ಬಯಾಸ್ ಇರುವುದು ಎಂಟು ಕಾಲಿನ ಪುಟ್ಟ ಚಿಪ್‌ನಲ್ಲಿ. ಹಳೆಯದನ್ನು ಅಳಿಸಿದ ಮೇಲೆಯೇ ಹೊಸದು ಬರೆಯುತ್ತದೆ. ಮಧ್ಯೆ ನಿಂತರೆ ಯಂತ್ರಕ್ಕೆ ಏಳುವ ದಾರಿಯೇ ಮರೆತಂತೆ. ಪ್ರೋಗ್ರಾಮರ್ ಸಾಧನದಿಂದ ಆ ಚಿಪ್‌ಗೆ ಮತ್ತೆ ಬರೆಯಬಹುದೆಂದು ನಮಗಾಗ ಗೊತ್ತಿರಲಿಲ್ಲ. ಅವನ ಅಪ್ಪ ಹತ್ತಿ ಮಾರಿ ಕೊಡಿಸಿದ್ದ ಕಂಪ್ಯೂಟರ್. ಬೋರ್ಡಿನ ದುಡ್ಡನ್ನು ಆರು ತಿಂಗಳು ಕಂತಿನಲ್ಲಿ ತೀರಿಸಿದೆ.

ಈ ಸಲ ಮೊದಲು ಯುಪಿಎಸ್ ತಂದೆ. ಮಳೆ ಬಂದರೆ ನಮ್ಮ ಬೀದಿಯ ಕರೆಂಟು ನಂಬುವಂಥದ್ದಲ್ಲ. ಬೋರ್ಡಿನ ಮೇಲೆ ಅಚ್ಚಾದ ಮಾದರಿಯನ್ನೂ ರಿವಿಷನ್ ಸಂಖ್ಯೆಯನ್ನೂ ಓದಿ, ತಯಾರಕರ ತಾಣದಿಂದಲೇ ಫೈಲ್ ಇಳಿಸಿದೆ. ಅಲ್ಲಿನ ಟಿಪ್ಪಣಿ ಓದದೆ ಮುಂದುವರಿಯಬೇಡಿ, ಕೆಲವು ಬೋರ್ಡುಗಳಿಗೆ ಮೊದಲು ನಡುವಿನ ಆವೃತ್ತಿಯೊಂದನ್ನು ಹಾಕಬೇಕು. ಡಿಸ್ಕಿಗೆ ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಫೈಲು ನಿಮಗೇ ಸಿಗದೆ ಹೋಗಬಹುದು. ಫ್ಯಾಟ್32 ಪೆನ್‌ಡ್ರೈವ್‌ನಿಂದ ಬಯಾಸ್ ಬರೆದದ್ದು ಕೆಲವೇ ನಿಮಿಷ. ನಾನು ಮಾತ್ರ ಪೂರ್ತಿ ಹೊತ್ತು ಪ್ಲಗ್ ಪಕ್ಕ ಕಾವಲು ನಿಂತಿದ್ದೆ, ಹೆಂಡತಿ ನಕ್ಕಳು.

ಎಲ್ಲ ಹಳೆ ಯಂತ್ರಕ್ಕೂ ಇದು ಮದ್ದಲ್ಲ. ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಯಾವ ಬಯಾಸ್ ಹಾಕಿದರೂ ಅದು ಮೈಕ್ರೋಸಾಫ್ಟ್ ಪಟ್ಟಿಗೆ ಸೇರದು. ಅಲ್ಲಿ ಲಿನಕ್ಸ್ ಹಾಕುವುದೇ ವಾಸಿ. ಕಾರಣವಿಲ್ಲದೆ ಬಯಾಸ್ ಮುಟ್ಟುವುದೂ ಜಾಣತನವಲ್ಲ. ಆದರೆ ಐದು ನಿಮಿಷ ಪರೀಕ್ಷಿಸದೆ ಗುಜರಿ ಎಂದು ತೀರ್ಪು ಕೊಡುವುದು ವ್ಯಾಪಾರವೇ ಹೊರತು ಸಲಹೆಯಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ರಿಪೇರಿ ಎಂದರೆ ಬಿಡಿಭಾಗವಷ್ಟೇ ಅಲ್ಲ, ಬಯಾಸ್ ಫೈಲೂ ಹೌದು. ಬೋರ್ಡು ಮಾರಿದ ಕಂಪನಿ ಅದರ ಕೊನೆಯ ಬಯಾಸನ್ನು ಕನಿಷ್ಠ ಹತ್ತು ವರ್ಷ ತಾಣದಲ್ಲಿ ಉಳಿಸಲೇಬೇಕೆಂಬ ನಿಯಮ ಬರಬೇಕು. ಒಂದು ಚಿಕ್ಕ ಫೈಲ್ ಇಟ್ಟುಕೊಳ್ಳಲು ಅವರಿಗೆ ಎಷ್ಟು ಖರ್ಚಾದೀತು?

ಡಬ್ಬ ಮುಂದಿನ ವಾರ ಬಸ್ಸಿನಲ್ಲಿ ಗದಗಕ್ಕೆ ಹೊರಡುತ್ತದೆ. ಯುಪಿಎಸ್ಸನ್ನೂ ಜತೆಗೇ ಕಳಿಸುತ್ತಿದ್ದೇನೆ.