ಸೀಸೆಯೊಳಗಿನ ಊರು

ಮಗುವಿಗೆ ಆಟಿಕೆಯನ್ನು ಕೊಡುವುದು ಹಿರಿಯರಿಗೆ ಒಂದು ಸಂತೋಷ. ಅದನ್ನು ಪಡೆಯುವುದು ಮಗುವಿಗೆ ಒಂದು ಹಬ್ಬ. ಈ ಎರಡರ ನಡುವೆ ಮೂರನೆಯದಾದ ಇನ್ನೊಂದು ಸುಖವುಂಟು. ಅದು ಆಟಿಕೆಯನ್ನು ಮಾಡುವ ಸುಖ. ಒಂದು ಕಾಲದಲ್ಲಿ ಪ್ರತಿಯೊಂದು ಮನೆಯ ಜಗಲಿಯ ಮೇಲೂ ಕಾಣಸಿಗುತ್ತಿದ್ದ ಈ ಸುಖ ಈಗ ಮೆಲ್ಲಮೆಲ್ಲನೆ ಮರೆಯಾಗುತ್ತಿದೆ. ಆಟಿಕೆಯೆಂದರೆ ಅಂಗಡಿಯಿಂದ ಬರತಕ್ಕದ್ದು, ಮನೆಯಲ್ಲಿ ಮಾಡಿದ್ದು ಕೈಲಾಗದವರ ಸಮಾಧಾನ ಎಂಬ ಭಾವನೆ ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ಬೇರೂರುತ್ತಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸಲು ಒಂದು ಸಣ್ಣ ವಸ್ತುವನ್ನು ಉದಾಹರಣೆಯಾಗಿ ಎತ್ತಿಕೊಳ್ಳಬಹುದು. ಅದೇ ಕ್ರಿಸ್‌ಮಸ್ ಹಬ್ಬದ ಕಾಲದಲ್ಲಿ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಹೊಳೆಯುವ ಹಿಮಗೋಲ.

ಹಿಮಗೋಲವೆಂದರೆ ನೀರು ತುಂಬಿದ ಒಂದು ಗಾಜಿನ ಗುಂಡು. ಅದರೊಳಗೆ ಒಂದು ಪುಟ್ಟ ಮನೆ, ಒಂದು ಮರ, ಇಲ್ಲವೆ ಒಂದು ಚರ್ಚು. ಗುಂಡನ್ನು ಒಮ್ಮೆ ತಲೆಕೆಳಗು ಮಾಡಿ ನಿಲ್ಲಿಸಿದರೆ ಬಿಳಿಯ ಕಣಗಳು ಮೇಲೆದ್ದು, ಮನೆಯ ಮೇಲೂ ಮರದ ಮೇಲೂ ಹಿಮದಂತೆ ನಿಧಾನವಾಗಿ ಇಳಿಯುತ್ತವೆ. ಇಂಥ ಗಾಜಿನ ಗುಂಡುಗಳು 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ಕಾಣಿಸಿಕೊಂಡಿದ್ದುವು. ಆದರೆ ಅದಕ್ಕೆ ಇಂದಿನ ಪ್ರಸಿದ್ಧಿ ಬಂದುದು ಆಸ್ಟ್ರಿಯದ ವಿಯೆನ್ನಾ ನಗರದ ಎರ್ವಿನ್ ಪೆರ್ಜಿ ಎಂಬ ಕುಶಲಕರ್ಮಿಯಿಂದ. ಆತ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸುತ್ತಿದ್ದವನು. 1900ರ ಸುಮಾರಿಗೆ ಆಸ್ಪತ್ರೆಯ ವಿದ್ಯುದ್ದೀಪದ ಬೆಳಕನ್ನು ಹೆಚ್ಚಿಸುವ ಉಪಾಯವನ್ನು ಆತ ಹುಡುಕುತ್ತಿದ್ದ. ಚಮ್ಮಾರರು ರಾತ್ರಿಯ ಹೊತ್ತು ಮೇಣದ ಬತ್ತಿಯ ಮುಂದೆ ನೀರು ತುಂಬಿದ ಗಾಜಿನ ಗುಂಡನ್ನಿಟ್ಟು ಬೆಳಕನ್ನು ಒಂದೆಡೆಗೆ ಕೂಡಿಸಿಕೊಳ್ಳುವುದು ಅವನಿಗೆ ನೆನಪಾಯಿತು. ಅಂಥ ಗುಂಡಿನೊಳಗೆ ಬೆಳಕನ್ನು ಚೆದುರಿಸಲು ಏನೇನನ್ನೋ ಹಾಕಿ ನೋಡಿದ. ಕೊನೆಗೆ ರವೆಯನ್ನೂ ಹಾಕಿದ. ದೀಪ ಪ್ರಕಾಶಮಾನವಾಗಲಿಲ್ಲ. ಆದರೆ ನೀರಿನಲ್ಲಿ ತೇಲುತ್ತ ಇಳಿದ ರವೆ ಅವನ ಕಣ್ಣಿಗೆ ಹಿಮಪಾತದಂತೆ ಕಂಡಿತು. ಉಪ್ಪಿಟ್ಟಿಗೆ ಬಳಸುವಂಥ ರವೆಯಿಂದ ಒಂದು ಲೋಕಪ್ರಸಿದ್ಧ ಆಟಿಕೆ ಹುಟ್ಟಿತು. ಅವನ ವಂಶದವರು ವಿಯೆನ್ನಾದಲ್ಲಿ ಈಗಲೂ ಅದನ್ನು ತಯಾರಿಸುತ್ತಿದ್ದಾರೆ.

ಈ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಂಗಡಿಯಲ್ಲಿ ಇಂದು ಬೆಲೆಯ ಚೀಟಿ ಹೊತ್ತು ಕುಳಿತಿರುವ ವಸ್ತು ಮೊದಲು ಹುಟ್ಟಿದ್ದು ಒಬ್ಬ ಕೆಲಸಗಾರನ ಕೈಯಲ್ಲಿ. ಅದೂ ಬೇರೊಂದು ಕೆಲಸ ಕೆಟ್ಟ ಕಾರಣದಿಂದ. ಮಾಡಿ ನೋಡುವವನಿಗೆ ಮಾತ್ರ ಇಂಥ ಲಾಭ ದೊರೆಯುತ್ತದೆ. ಕೊಂಡು ನೋಡುವವನಿಗೆ ಅದು ದೊರೆಯುವುದಿಲ್ಲ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸುತ್ತಲೂ ಬಯಲುಸೀಮೆ, ಹಿಪ್ಪುನೇರಳೆ, ರಾಗಿ, ಟೊಮೆಟೊಗಳ ಹೊಲ. ಡಿಸೆಂಬರ್ ತಿಂಗಳಿನ ಬೆಳಗಿನಲ್ಲಿ ಚಳಿಯುಂಟು, ಮಂಜುಂಟು. ಹಿಮ ಮಾತ್ರ ಯಾರ ಅನುಭವದಲ್ಲಿಯೂ ಇಲ್ಲ. ಆ ಮನೆಯ ಮಗು ಚಿತ್ರದಲ್ಲಿಯೋ ಪೇಟೆಯ ಅಂಗಡಿಯಲ್ಲಿಯೋ ಹಿಮಗೋಲವನ್ನು ಕಂಡು ಅದು ತನಗೂ ಬೇಕೆನ್ನುತ್ತದೆ. ತಂದೆತಾಯಿಯ ಮುಂದೆ ಆಗ ಮೂರು ದಾರಿಗಳಿವೆ. ಇಲ್ಲವೆಂದು ಗದರಿಸುವುದು ಒಂದು. ಸಾಲ ಮಾಡಿಯಾದರೂ ಕೊಂಡುಕೊಡುವುದು ಇನ್ನೊಂದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವುದು ಮೂರನೆಯದು. ಮೊದಲನೆಯದರಿಂದ ಮಗು ತನ್ನ ಮನೆಯ ಬಡತನವನ್ನು ಕಲಿಯುತ್ತದೆ. ಎರಡನೆಯದರಿಂದ ಹಟದ ಬಲವನ್ನು ಕಲಿಯುತ್ತದೆ. ಮೂರನೆಯದರಿಂದ ಅದು ಏನನ್ನು ಕಲಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಬೇಕಾಗುವ ಸಾಮಗ್ರಿ ಹೆಚ್ಚಿನದೇನಲ್ಲ. ಬಿಗಿಯಾದ ಮುಚ್ಚಳವಿರುವ ಒಂದು ಉಪ್ಪಿನಕಾಯಿಯ ಗಾಜಿನ ಸೀಸೆ, ನೀರಿಗೆ ಬಿಡದ ಅಂಟು, ಕಾಯಿಸಿ ಆರಿಸಿದ ನೀರು, ಔಷಧದ ಅಂಗಡಿಯಲ್ಲಿ ಸಿಗುವ ಕೆಲವು ಚಮಚ ಗ್ಲಿಸರಿನ್, ಹಿಮಕ್ಕಾಗಿ ಒಂದಿಷ್ಟು ಬಿಳಿಯ ಪುಡಿ. ಮುಚ್ಚಳದ ಒಳಮೈಗೆ ಪುಟ್ಟ ಮನೆಯನ್ನು ಅಂಟಿಸಿ ಒಂದು ದಿನ ಒಣಗಲು ಬಿಡಬೇಕು. ಸೀಸೆಗೆ ನೀರು, ಗ್ಲಿಸರಿನ್, ಪುಡಿಗಳನ್ನು ತುಂಬಿ, ಮುಚ್ಚಳವನ್ನು ಬಿಗಿದು, ಸೀಸೆಯನ್ನು ತಲೆಕೆಳಗಾಗಿ ನಿಲ್ಲಿಸಿದರೆ ಕೆಲಸ ಮುಗಿಯಿತು. ಬರೆಯುವುದಕ್ಕೆ ಇಷ್ಟು ಸುಲಭವಾದ ಈ ಕೆಲಸ ಮಾಡುವಾಗ ಹತ್ತು ಸಲ ಕೆಡುತ್ತದೆ. ಹಾಗೆ ಕೆಡುವುದರಲ್ಲಿಯೇ ಅದರ ಹೆಚ್ಚಳವಿದೆ.

ಮಗು ಕೆರೆಯ ಜೇಡಿಮಣ್ಣಿನಿಂದ ಮನೆಯನ್ನು ಮಾಡಿ ಅಂಟಿಸಿತೆನ್ನಿ. ನೀರಿಗೆ ಬಿದ್ದ ಹಸಿಮಣ್ಣಿನ ಮನೆ ಬೇಗನೆ ಕರಗಿ ಸೀಸೆಯೆಲ್ಲ ಕೆಸರಾಗುತ್ತದೆ. ಕುಂಬಾರನು ಮಡಕೆಯನ್ನು ಬಿಸಿಲಿನಲ್ಲಿ ಒಣಗಿಸಿದ ಮೇಲೂ ಆವಿಗೆಯಲ್ಲಿ ಏಕೆ ಸುಡುತ್ತಾನೆಂಬುದು ಅದಕ್ಕೆ ಅಂದು ತಿಳಿಯುತ್ತದೆ. ವಿಯೆನ್ನಾದವನಂತೆ ತಾನೂ ರವೆಯನ್ನು ಹಾಕಿದರೆ ಕೆಲವೇ ದಿನಗಳಲ್ಲಿ ರವೆ ಉಬ್ಬಿ, ಹಳಸಿ, ನೀರು ಕದಡುತ್ತದೆ. ಆಗ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಳಪೊರೆಯನ್ನು ಸುಲಿದು, ಒಣಗಿಸಿ ಕುಟ್ಟಿದ ಪುಡಿಯ ಕಡೆಗೆ ಮನಸ್ಸು ತಿರುಗುತ್ತದೆ. ಬರಿಯ ನೀರಿನಲ್ಲಿ ಆ ಪುಡಿ ಸರ್ರನೆ ತಳ ಸೇರುತ್ತದೆ. ಗ್ಲಿಸರಿನ್ ಬೆರೆತ ನೀರಿನಲ್ಲಿ ತಡೆದು ತಡೆದು ಇಳಿಯುತ್ತದೆ. ಗ್ಲಿಸರಿನ್ನಿನ ಸ್ನಿಗ್ಧತೆ ನೀರಿನದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು; ಆದುದರಿಂದ ಕೆಲವು ಚಮಚಗಳಷ್ಟೇ ಬೆರೆತರೂ ಬೀಳುವ ವೇಗ ತಗ್ಗುತ್ತದೆ. ಪುಡಿ ನುಣುಪಾದಷ್ಟೂ ಹಿಮ ನಿಧಾನ. ಬಹು ಸಣ್ಣ ಕಣಗಳ ವಿಷಯದಲ್ಲಿ ಗಾತ್ರ ಅರ್ಧವಾದರೆ ಬೀಳುವ ವೇಗ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂಬುದನ್ನು ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ಮಗುವಿಗೆ ಸ್ಟೋಕ್ಸನ ಹೆಸರು ಬೇಡ. ಚಿಪ್ಪನ್ನು ಇನ್ನೂ ಒಮ್ಮೆ ಕುಟ್ಟಿದರೆ ಹಿಮ ಇನ್ನೂ ಮೆಲ್ಲಗೆ ಬೀಳುತ್ತದೆಂಬುದು ಕೈಗೆ ತಿಳಿದರೆ ಸಾಕು. ಹೆಸರು ಮುಂದೊಂದು ದಿನ ತಾನಾಗಿ ಬಂದು ಆ ತಿಳಿವಳಿಕೆಯ ಮೇಲೆ ಕೂರುತ್ತದೆ.

ಇದರ ವಿರುದ್ಧ ಹೇಳುವವರಿಲ್ಲದೆ ಇಲ್ಲ. ಅಂಗಡಿಯ ಆಟಿಕೆ ಅಚ್ಚುಕಟ್ಟಾದುದು, ಮನೆಯದು ಒರಟು ಎನ್ನುತ್ತಾರೆ. ದಿನವೆಲ್ಲ ದುಡಿದು ಬಂದವರಿಗೆ ಚಿಪ್ಪು ಕುಟ್ಟುವ ಬಿಡುವೆಲ್ಲಿದೆ ಎಂದು ಕೇಳುತ್ತಾರೆ. ಎಲ್ಲರೂ ಮನೆಯಲ್ಲಿಯೇ ಮಾಡಿಕೊಂಡರೆ ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆಗಳನ್ನು ಕಡೆಯುವವರ, ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಬೊಂಬೆಗಳನ್ನು ಕೊರೆಯುವವರ ಗತಿಯೇನು ಎಂದೂ ಕೇಳಬಹುದು. ಈ ಮಾತುಗಳಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಒರಟುತನ ದೋಷವಾಗುವುದು ಮಾರುವ ವಸ್ತುವಿಗೆ. ಕಲಿಯುವ ಕೈಗೆ ಅದು ಮೊದಲ ಮೆಟ್ಟಿಲು. ಬಿಡುವಿನ ಕೊರತೆ ನಿಜ. ಆದರೆ ವರ್ಷಕ್ಕೆ ಒಂದು ಸಂಜೆಯನ್ನೂ ಮಗುವಿನ ಪಕ್ಕದಲ್ಲಿ ಕಳೆಯಲಾಗದ ದುಡಿಮೆ ಯಾರಿಗಾಗಿ ಎಂಬ ಪ್ರಶ್ನೆಯೂ ಅಷ್ಟೇ ನಿಜ. ಕುಶಲಕರ್ಮಿಗಳ ವಿಷಯದಲ್ಲಿಯಂತೂ ಒಂದು ಬೊಂಬೆಯನ್ನು ತಾನೇ ಮಾಡಿ ಕೆಡಿಸಿದ ಮಗುವಿಗೇ ಚನ್ನಪಟ್ಟಣದ ಬೊಂಬೆಯ ನುಣುಪಿನ ಬೆಲೆ ತಿಳಿಯುವುದು. ಮಾಡಿ ಬಲ್ಲವನೇ ಒಳ್ಳೆಯ ಗಿರಾಕಿ.

ಇವೆಲ್ಲಕ್ಕಿಂತ ಬಲವಾದ ಆಕ್ಷೇಪಣೆ ಸಂಸ್ಕೃತ ಸಾಹಿತ್ಯದಲ್ಲಿಯೇ ಇದೆ. ಶೂದ್ರಕನ ಒಂದು ನಾಟಕಕ್ಕೆ ‘ಮೃಚ್ಛಕಟಿಕ’, ಅಂದರೆ ‘ಮಣ್ಣಿನ ಪುಟ್ಟ ಬಂಡಿ’ ಎಂದು ಹೆಸರು. ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ್ದನು. ಅದನ್ನು ಅವರು ಒಯ್ದಾಗ ದಾಸಿ ರದನಿಕೆ ಮಣ್ಣಿನ ಬಂಡಿಯೊಂದನ್ನು ಮಾಡಿಕೊಟ್ಟಳು. ಹುಡುಗ ಅದನ್ನು ಒಪ್ಪದೆ ಚಿನ್ನದ್ದೇ ಬೇಕೆಂದು ಅತ್ತನು. ಅವನ ದುಃಖವನ್ನು ನೋಡಲಾರದೆ ವಸಂತಸೇನೆ ತನ್ನ ಒಡವೆಗಳನ್ನು ಮಣ್ಣಿನ ಬಂಡಿಯಲ್ಲಿ ತುಂಬಿದಳು. ಮನೆಯಲ್ಲಿ ಮಾಡಿದ ಆಟಿಕೆಯಿಂದ ಮಗು ತೃಪ್ತಿಹೊಂದಲಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆದರೆ ಆ ಬಂಡಿ ಹೇಗೆ ಬಂದಿತೆಂಬುದನ್ನು ವಿಚಾರಿಸಬೇಕು. ಅದನ್ನು ರೋಹಸೇನನಿಗಾಗಿ ಮಾಡಲಾಯಿತು. ರೋಹಸೇನನೊಡನೆ ಮಾಡಿದರೆಂದು ನಾಟಕ ಹೇಳುವುದಿಲ್ಲ. ಮಣ್ಣು ಕಲಸುವಾಗ ಅವನ ಕೈ ಕೆಸರಾಗಿರಲಿಲ್ಲ. ಗಾಲಿ ಮುರಿದಾಗ ಅದನ್ನು ಕೂಡಿಸುವ ಚಿಂತೆ ಅವನದಾಗಿರಲಿಲ್ಲ. ಚಿನ್ನದ ಬಂಡಿಯಂತೆಯೇ ಮಣ್ಣಿನ ಬಂಡಿಯೂ ಅವನಿಗೆ ಬೇರೊಬ್ಬರಿಂದ ಸಿದ್ಧವಾಗಿ ಬಂದ ವಸ್ತು. ಎರಡೂ ಸಿದ್ಧವಸ್ತುಗಳಾದ ಮೇಲೆ ಮಗು ಚಿನ್ನವನ್ನು ಬಯಸಿದರೆ ತಪ್ಪೇನು? ಆದುದರಿಂದ ಮನೆಯ ಆಟಿಕೆ ಮನೆಯದೆಂಬ ಕಾರಣದಿಂದಲೇ ಹಿರಿದಾಗುವುದಿಲ್ಲ. ಮಗು ಮಲಗಿದ ಮೇಲೆ ತಂದೆತಾಯಿ ಗುಟ್ಟಾಗಿ ಮಾಡಿ ಬೆಳಿಗ್ಗೆ ಕೈಗಿಡುವ ಹಿಮಗೋಲದಲ್ಲಿ ಪ್ರೀತಿಯಿದೆ, ಕಲಿಕೆಯಿಲ್ಲ. ಮಗುವಿನ ಬೆರಳಿನ ಗುರುತು ಒಳಗೆ ಉಳಿದಿರುವ ಸೀಸೆಯಲ್ಲಿ ಎರಡೂ ಇವೆ. ತಾನೇ ಕಟ್ಟಿದ ಮನೆಯನ್ನು ಯಾರೂ ನೆರೆಮನೆಯ ಚಿನ್ನದೊಡನೆ ಸುಲಭವಾಗಿ ತೂಗಿ ನೋಡುವುದಿಲ್ಲ.

ಹಿಮವೇ ಏಕೆ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಕ್ರಿಸ್‌ಮಸ್ ಚಿತ್ರಗಳಲ್ಲಿ ಕಾಣುವ ಹಿಮ ಯೂರೋಪಿನ ಚಳಿನಾಡುಗಳ ಕೊಡುಗೆ. ಆಸ್ಟ್ರೇಲಿಯದಲ್ಲಿ ಆ ಹಬ್ಬ ಬರುವುದೇ ಬೇಸಿಗೆಯಲ್ಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದಾಗ ಹುಲ್ಲು, ಎತ್ತು, ಕತ್ತೆಗಳನ್ನು ಆ ಊರಿನಿಂದಲೇ ಕೂಡಿಸಿದನು. ಕರ್ನಾಟಕದ ಕ್ರೈಸ್ತರ ಮನೆಗಳಲ್ಲಿಯೂ ಮಕ್ಕಳು ಹಿರಿಯರೊಡನೆ ಕೂಡಿ ಹುಲ್ಲು, ಮಣ್ಣು, ಕಡ್ಡಿಗಳಿಂದ ಗೋದಲಿಯನ್ನು ಕಟ್ಟುತ್ತಾರೆ. ಹೊರಗಿನಿಂದ ಬಂದ ಹಬ್ಬವೂ ಊರಿನ ಮಣ್ಣನ್ನು ಸೋಕಿದಾಗಲೇ ಊರಿನದಾಗುತ್ತದೆ. ಹೀಗಿರುವಾಗ ಕೆಂಚಾರ್ಲಹಳ್ಳಿಯ ಸೀಸೆಯೊಳಗೆ ಚೂಪು ಮಾಡಿನ ವಿದೇಶೀ ಮನೆಯೇ ಇರಬೇಕೆಂಬ ನಿಯಮವೇನೂ ಇಲ್ಲ. ಅಂಬಾಜಿದುರ್ಗದಂಥ ಒಂದು ಕಲ್ಲುಬೆಟ್ಟ, ಒಂದು ಹೆಂಚಿನ ಮನೆ, ಒಂದು ಹೊಂಗೆಯ ಮರ ಅಲ್ಲಿರಬಹುದು. ಹೊಂಗೆ ಹೂ ಉದುರುವ ದಿನಗಳಲ್ಲಿ ಮರದ ಕೆಳಗೆ ಬಿಳಿಯ ಹಾಸು ಹಾಸಿದಂತೆ ಕಾಣುವುದನ್ನು ಬಯಲುಸೀಮೆಯ ಪ್ರತಿಯೊಂದು ಮಗುವೂ ಕಂಡಿದೆ. ಸೀಸೆಯಲ್ಲಿ ಬೀಳುವ ಬಿಳಿಯ ಪುಡಿಯನ್ನು ಅದು ಹಿಮವೆಂದು ಕರೆಯಲಿ, ಹೊಂಗೆ ಹೂವೆಂದು ಕರೆಯಲಿ. ಕಾಣದ್ದನ್ನು ಕಲ್ಪಿಸುವುದೂ ಕಂಡದ್ದನ್ನು ಗುರುತಿಸುವುದೂ ಬೆಳೆಯುವ ಮನಸ್ಸಿಗೆ ಸಮಾನವಾಗಿ ಬೇಕು.

ಎಚ್ಚರಿಕೆಯ ಮಾತನ್ನೂ ಮರೆಯಬಾರದು. ಭಾರತದಲ್ಲಿ 2021ರ ಜನವರಿ 1ರಿಂದ ಮಾರಾಟದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯ ಮಾಡಲಾಗಿದೆ. ಮನೆಯಲ್ಲಿ ಮಾಡುವವರಿಗೆ ಅಂಥ ಮುದ್ರೆಯಿಲ್ಲ. ಹಿರಿಯರ ಕಣ್ಣೇ ಮುದ್ರೆ. ಗಾಜು ಒಡೆಯಬಲ್ಲದು, ಪುಡಿ ಕಣ್ಣಿಗೆ ಬೀಳಬಲ್ಲದು, ಎಳೆಯ ಕೂಸುಗಳು ಚಿಕ್ಕ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ನೀರು ತುಂಬಿದ ಗುಂಡು ಗಾಜು ಬಿಸಿಲನ್ನು ಒಂದೆಡೆಗೆ ಕೂಡಿಸಿ ಬೆಂಕಿ ಹೊತ್ತಿಸಲೂಬಹುದಾದುದರಿಂದ ಅದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಡಬಾರದು. ಪೆರ್ಜಿ ಹುಡುಕುತ್ತಿದ್ದ ಗುಣವೇ ಇಲ್ಲಿ ಅಪಾಯವಾಗುತ್ತದೆಂಬುದೂ ಒಂದು ಪಾಠವೇ.

ಒಂದು ಸೀಸೆಯ ವಿಷಯದಲ್ಲಿ ಇಷ್ಟು ಮಾತೇಕೆ ಎನ್ನಿಸಬಹುದು. ಪ್ರಶ್ನೆ ಸೀಸೆಯದಲ್ಲ, ಕೈಯದು. ಹಳ್ಳಿಯ ಮನೆಗಳಲ್ಲಿ ಓದದ ಮಗುವನ್ನು ಗದರಿಸುವಾಗ “ಓದದಿದ್ದರೆ ಮಣ್ಣು ಹೊರಬೇಕಾದೀತು” ಎನ್ನುವುದುಂಟು. ಗದರಿಸುವವರು ಸ್ವತಃ ಮಣ್ಣಿನಲ್ಲಿ ದುಡಿಯುವವರು. ತಮ್ಮ ಕೈಕೆಲಸವನ್ನೇ ಶಿಕ್ಷೆಯೆಂದು ಮಕ್ಕಳಿಗೆ ಹೇಳಿಕೊಡುವಂತಾದುದು ದುಃಖದ ಸಂಗತಿ. ಹಣ್ಣಾದ ಹುಳುವನ್ನು ಗುರುತಿಸಿ ಚಂದ್ರಿಕೆಗೆ ಬಿಡುವ ತಾಯಿಯ ಕಣ್ಣಿನಲ್ಲಿ, ನೇಗಿಲಿನ ಆಳವನ್ನು ಅಂಗೈಯಿಂದಲೇ ಅಳೆಯುವ ತಂದೆಯ ಹಿಡಿತದಲ್ಲಿ ಎಷ್ಟೋ ಪುಸ್ತಕಗಳ ತಿಳಿವಳಿಕೆಯಿದೆ. ಅವರು ಮಗುವಿನೊಡನೆ ಕುಳಿತು ಒಂದು ಆಟಿಕೆಯನ್ನು ಮಾಡಿದ ದಿನ ಆ ತಿಳಿವಳಿಕೆಗೆ ಮಗುವಿನ ಕಣ್ಣಿನಲ್ಲಿ ಗೌರವ ಹುಟ್ಟುತ್ತದೆ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ವಿದ್ಯೆ ನಡೆಯಬೇಕೆಂದು ವಾದಿಸಿದುದರ ತಿರುಳು ಇದೇ. ಎಂಜಿನಿಯರಾಗಿದ್ದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬುಗಳಂಥ ಅಗ್ಗದ ಸಾಮಗ್ರಿಯಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ದೇಶದ ಮಕ್ಕಳಿಗೆ ತೋರಿಸಿದುದೂ ಇದನ್ನೇ. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಕೊಂಡ ಆಟಿಕೆ ಮುರಿದಾಗ ಮಗು ಅಳುತ್ತದೆ. ಮಾಡಿದ ಆಟಿಕೆ ಮುರಿದಾಗ ಅದು ಅಂಟನ್ನು ಹುಡುಕುತ್ತದೆ. ಮುಂದೆ ಬಾಳಿನಲ್ಲಿ ಮುರಿಯುವ ವಸ್ತುಗಳು ಹಲವು. ಅವೆಲ್ಲವೂ ಅಂಗಡಿಯಲ್ಲಿ ದೊರೆಯುವಂಥವಲ್ಲ. ಆಗ ಅಳುತ್ತ ಕೂರುವವರಿಗಿಂತ ಅಂಟನ್ನು ಹುಡುಕುವವರು ನಾಡಿಗೆ ಹೆಚ್ಚು ಬೇಕು. ಅಂಥವರನ್ನು ಬೆಳೆಸಲು ಒಂದು ಉಪ್ಪಿನಕಾಯಿಯ ಸೀಸೆ, ಒಂದು ಹಿಡಿ ಚಿಪ್ಪು, ಹಿರಿಯರ ಒಂದು ಸಂಜೆ ವೆಚ್ಚವಾದರೆ ಅದನ್ನು ದುಬಾರಿಯೆಂದು ಯಾರೂ ಹೇಳಲಾರರು.